ದಿನಕ್ಕೆ ಅರುವತ್ತು ಬೀಡಿ

ಕುಂದಾಪುರದ ಸ್ಕ್ಯಾನಿಂಗ್ ಯಂತ್ರ ನನ್ನ ಎದೆಯೊಳಗನ್ನು ಕಂಡು ತಾನೇ ಕೆಮ್ಮಿತು. ಒಂದು ಸಲ ಅಲ್ಲ, ಮೂರು ಸಲ. ಮೂರನೆಯ ಕೆಮ್ಮಿಗೆ ಕೋಡಿಯಿಂದ ಹೆಮ್ಮಾಡಿಯ ತನಕ ಕರೆಂಟು ಹೋಯಿತು, ಹೊಳೆಯ ಮೀನುಗಳು ತಲೆ ಎತ್ತಿ ನೋಡಿದವು. ನಂಬದವರು ನಾವುಂದಕ್ಕೆ ಬಂದು ಗೋಪಿಯ ಚಾದಂಗಡಿಯಲ್ಲಿ ವಿಚಾರಿಸಬಹುದು. ಅಲ್ಲಿ ಇದನ್ನು ನಾನು ಹದಿನೇಳು ಸಲ ಹೇಳಿದ್ದೇನೆ. ಸುಳ್ಳು ಎಂದು ಒಬ್ಬನೂ ಹೇಳಲಿಲ್ಲ. ಕೆಲವರು ಅರ್ಧದಲ್ಲಿ ಎದ್ದು ಹೋದರು, ಅದು ಬೇರೆ.

ಕೆಮ್ಮದೆ ಮತ್ತೇನು ಮಾಡೀತು? ಇದು ಚಂದಯ್ಯ ಶೆಟ್ಟಿಯ ಎದೆ. ದಿನಕ್ಕೆ ಅರುವತ್ತು ಬೀಡಿ ಎಳೆದ ಎದೆ. ಒಂಬತ್ತನೆಯ ವಯಸ್ಸಿಗೆ ಶುರು ಮಾಡಿದವನು ಅರುವತ್ತಮೂರಾದರೂ ನಿಲ್ಲಿಸಿಲ್ಲ. ಮುಂಬೈಯಲ್ಲಿದ್ದ ಹನ್ನೆರಡು ವರ್ಷ ನಾನು ದಾದರಿನಲ್ಲಿ ಬಿಟ್ಟ ಹೊಗೆಗೆ ಲೋಕಲ್ ರೈಲುಗಳು ಹಗಲಲ್ಲೇ ದೀಪ ಹಾಕಿಕೊಂಡು ಓಡುತ್ತಿದ್ದವು. ಊರಿಗೆ ಬಂದ ಮೇಲೆ ಮರವಂತೆಯ ಕಡಲ ಬದಿಯಲ್ಲಿ ಕೂತು ಒಂದು ದಮ್ಮು ಎಳೆದೆನೆಂದರೆ, ದೋಣಿಯವರು ಮಂಜು ಬಿತ್ತೆಂದು ಬಲೆ ಮಡಚಿ ವಾಪಸು ಬರುತ್ತಿದ್ದರು.

ಇರಲಿ. ನಾನೀಗ ಬರೆಯಲು ಕೂತದ್ದು ದೊಡ್ಡಸ್ತಿಕೆ ಹೇಳಲಿಕ್ಕಲ್ಲ, ಸಿಟ್ಟು ಇಳಿಸಲಿಕ್ಕೆ. ಸಿಟ್ಟು ಒಂದು ಕಾಗದದ ಮೇಲೆ.

ಬ್ರಹ್ಮಾವರ ಕಡೆಯ ಒಂದು ಆಸ್ಪತ್ರೆಯವರು ಶ್ವಾಸಕೋಶದ ಕ್ಯಾನ್ಸರನ್ನು ಅದು ಇನ್ನೂ ಮೊಳಕೆಯಲ್ಲಿರುವಾಗಲೇ ಹಿಡಿಯುತ್ತೇವೆಂದು ಹೊರಟಿದ್ದರು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಾಗದ ತುಂಬಿಸುವುದು; ಅದನ್ನು ನೋಡಿ ಅಪಾಯ ಹೆಚ್ಚಿರುವ ಇನ್ನೂರು ಮಂದಿಯನ್ನು ಆರಿಸುವುದು; ಆರಿಸಿದವರಿಗೆ ಕುಂದಾಪುರದಲ್ಲಿ ಪುಕ್ಕಟೆ ಸ್ಕ್ಯಾನ್. ನಮ್ಮ ಮನೆಗೆ ಬಂದವಳು ಸರೋಜ. ನನಗೊಂದು ಕಾಗದ, ನನ್ನ ಹೆಂಡತಿ ಗುಲಾಬಿಗೊಂದು. ಗುಲಾಬಿ ಹಿಂದುಗಡೆ ಏನೋ ಕೆಲಸದಲ್ಲಿದ್ದಳು. ಹಾಗಾಗಿ ಎರಡಕ್ಕೂ ಉತ್ತರ ನಾನೇ ಕೊಟ್ಟೆ. ಮನೆಯ ಯಜಮಾನ ಯಾರು ಮತ್ತೆ? ಸರೋಜ ಕೇಳಿದಳು, ನಾನು ಹೇಳಿದೆ, ಅವಳು ಬರೆದಳು, ಅಡಿಯಲ್ಲಿ ನಾನು ರುಜು ಹಾಕಿದೆ. ಚಾ ಕುಡಿದು ಹೋದಳು. ಏನೇನು ಕೇಳಿದಳು ಎನ್ನುವುದನ್ನೆಲ್ಲ ಇಲ್ಲಿ ಹೇಳುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ.

ತಿಂಗಳು ಕಳೆದು ಪಟ್ಟಿ ಬಂತು. ನನ್ನ ಹೆಸರು ಮೂವತ್ತೊಂದನೆಯದು. ಒಂದನೆಯದೇ ಆಗಬೇಕಿತ್ತು, ಅಕ್ಷರಮಾಲೆಯ ಪ್ರಕಾರ ಹಾಕಿದ್ದರಿಂದ ಹಿಂದೆ ಬಿತ್ತು. ಗುಲಾಬಿಯ ಹೆಸರು ಹುಡುಕಿದೆ. ಕನ್ನಡಕ ಒರೆಸಿ ಮತ್ತೆ ಹುಡುಕಿದೆ. ಇನ್ನೂರರಲ್ಲಿ ಎಲ್ಲಿಯೂ ಇಲ್ಲ.

ಗುಲಾಬಿ ಮದುವೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ನನ್ನ ಹತ್ತಿರ ಒಂದು ವಸ್ತು ಕೇಳಿದವಳಲ್ಲ. ಅಂಥವಳು ಆವತ್ತು ನಾನು ಪಟ್ಟಿ ಮಡಚಿಡುವಾಗ ಜಗಲಿಯ ಕಂಬ ಹಿಡಿದು ನಿಂತು ಕೇಳಿದಳು.

“ಹ್ವಾಯ್, ನನ್ನೂ ಒಂದ್ ಸಲ ಆ ಮಿಷಿನಿಗ್ ಹಾಕಿ ಕಾಂತ್ರಾ ಕೇಣಿ. ಮೋಹಿನಕ್ಕನ್ ಹಾಂಗ್ ಆಪುಕಾಗ.”

ಮೋಹಿನಕ್ಕನ ಹಾಗೆ ತನಗೂ ಆಗಬಾರದು ಎಂದು. ಮೋಹಿನಿ ಅವಳ ಅಕ್ಕ. ಕೆರಾಡಿಗೆ ಕೊಟ್ಟಿದ್ದರು. ಬೀಡಿ ಬಿಡಿ, ಎಲೆಯಡಿಕೆಗೆ ಹೊಗೆಸೊಪ್ಪು ಕೂಡ ಮುಟ್ಟಿದವಳಲ್ಲ. ಅವಳಿಗೆ ಕೆಮ್ಮು ಬಂತು. ಕೆಮ್ಮಿಗೆ ಸಿರಪ್ಪು ಕೊಟ್ಟರು. ಸಿರಪ್ಪು ಮುಗಿಯಿತು, ಇನ್ನೊಂದು ಬಣ್ಣದ ಸಿರಪ್ಪು ಕೊಟ್ಟರು. ಹಾಗೆ ಏಳು ತಿಂಗಳು. ಮತ್ತೆ ಟಿ.ಬಿ. ಇರಬಹುದೆಂದು ನಾಲ್ಕು ತಿಂಗಳು ಅದರ ಗುಳಿಗೆ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹೊತ್ತಿಗೆ ಕ್ಯಾನ್ಸರು ಶ್ವಾಸಕೋಶ ದಾಟಿ ಬೆನ್ನುಮೂಳೆಗೆ ಇಳಿದಾಗಿತ್ತು. ಅಲ್ಲಿಂದ ನೂರು ದಿನ ಇದ್ದಳು. ಸೇದುವ ಗಂಡಸು ಕೆಮ್ಮಿದರೆ ಎಕ್ಸ್‌ರೇ, ಸೇದದ ಹೆಂಗಸು ಕೆಮ್ಮಿದರೆ ಸಿರಪ್ಪು! ಇದು ಯಾವ ನ್ಯಾಯ? ಅದೂ ಸಾಲದೆಂದು, ಬೊಜ್ಜದ ದಿನ ಉತ್ತರಕ್ರಿಯೆಯ ಊಟಕ್ಕೆ ಕೂತವರಲ್ಲಿ ಒಬ್ಬ ಮೆಲ್ಲಗೆ ಕೇಳಿದ, “ಗುಟ್ಟಂಗೆ ಬೀಡಿ ಎಳೀತಿದ್ಳಾ ಎಂತ?” ಬಡಿಸುತ್ತಿದ್ದ ಗುಲಾಬಿಯ ಕೈಯ ಸೌಟು ಅಲ್ಲೇ ನಿಂತಿತು. ಪಾತ್ರೆ ಕೆಳಗಿಟ್ಟು ಒಳಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಆ ಮೋಹಿನಿಯ ಒಡಹುಟ್ಟಿದವಳನ್ನು ಈ ಕಾಗದದವರು ಬಿಟ್ಟಿದ್ದಾರೆ. ಯಾಕೆ? ಸೇದುವುದಿಲ್ಲವಂತೆ, ಅದಕ್ಕೆ. ಪಾಪ ಮಾಡಿದವನಿಗೆ ಬಾಗಿಲು ತೆರೆದು ಬನ್ನಿ ಎನ್ನುವುದು, ಮಾಡದವಳಿಗೆ ಹೊರಗೆ ನಿಲ್ಲು ಎನ್ನುವುದು! ನನಗೆ ಬಂದ ಸಿಟ್ಟಿಗೆ ಅಂಗಳದ ತೆಂಗಿನ ಮರದಿಂದ ಎಂಟು ಕಾಯಿ ಉದುರಿದವು.

“ನಡಿ ಕುಂದಾಪ್ರಕ್ಕೆ,” ಎಂದೆ. “ನಾನಿನ್ನೂ ಸತ್ತಿಲ್ಲೆ. ಆ ಕಾಗದ್ದವ್ರನ್ನ ಅವ್ರದ್ದೇ ಮಿಷಿನೊಳ್ಗ್ ಹಾಕಿ ಬಾಗ್ಲ್ ಹಾಕ್ತೆ.”

“ಗಲಾಟಿ ಬ್ಯಾಡ. ಕೇಂಡ್ ಕಾಂಬ, ಸಾಕ್,” ಎಂದಳು.

ಹೋಗುವ ದಿನ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿ ಕೂತು ಕಾದೆ. ಏಳು ಗಂಟೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕಣ್ಣು ಕೆಂಪು ಕೆಂಪು. ಅತ್ತಿದ್ದಾಳೆ ಎಂದುಕೊಂಡೆ.

“ಎಂತಕ್ ಮರ್ಕುದ್? ನಾನಿದ್ನಲೆ!” ಎಂದೆ.

“ಮರ್ಕಲಿಲ್ಲೆ ಮಾರಾಯ್ರೆ. ತೆಂಗಿನ್ ಮಡ್ಲ್ ಹಸಿ ಇದ್ದಿತ್ತ್.”

ಆ ಮಾತಿಗೆ ನಾನು ಕಿವಿಗೊಡಲಿಲ್ಲ. ನನ್ನ ತಲೆಯೊಳಗೆ ಭಾಷಣ ಬೇಯುತ್ತಿತ್ತು.

ಬಸ್ಸಿಳಿದು ಹೋದರೆ ಸ್ಕ್ಯಾನಿಂಗ್ ಸೆಂಟರಿನ ಹಾಲಿನಲ್ಲಿ ಸಾಲು. ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಗಂಡಸರು. ಒಬ್ಬೊಬ್ಬನದೂ ಒಂದೊಂದು ಕೆಮ್ಮು. ನನ್ನ ಮುಂದೆ ಕೆರಾಡಿಯ ವೆಂಕಟ ಎಂಬವರು. ನಲವತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಬೀಡಿಯಂತೆ. ಅದನ್ನು ತಲೆ ತಗ್ಗಿಸಿ ಹೇಳಿದರು.

“ಇಪ್ಪತ್ತಾ? ನಾನ್ ಮುಖ ತೊಳೂಕ್ ಹೋಪತಿಗೆ ಇಪ್ಪತ್ತ್ ಮುಗಿತ್ತ್,” ಎಂದೆ.

“ದೇವ್ರೇ! ಕೆಮ್ಮ್ ಬತ್ತಿಲ್ಯಾ ನಿಮ್ಗ್?”

“ಕೆಮ್ಮಿಗೆ ನನ್ನ್ ಕಂಡ್ರೆ ಹೆದ್ರಿಕಿ.”

ಮೇಜಿನ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಯತೀಶ್ ಎಂಬ ಹುಡುಗ ಹೆಸರು ನೋಡಿ ಟೋಕನ್ ಕೊಡುತ್ತಿದ್ದ. ಉಪ್ಪುಂದದವನು. ನನ್ನ ಹೆಸರು ಕೇಳಿದ ಕೂಡಲೆ ಕುರ್ಚಿಯಿಂದ ಅರ್ಧ ಎದ್ದ.

“ಅರ್ವತ್ತ್ ಬೀಡಿಯ ಶೆಟ್ರ್ ನೀವೇಯಾ? ಇಡೀ ಆಫೀಸಿಗ್ ನಿಮ್ದೇ ಸುದ್ದಿ. ಮೂರ್ ತಾಲೂಕಂಗ್ ನೀವೇ ಫಸ್ಟ್!”

ಸಾಲಿನವರೆಲ್ಲ ನನ್ನನ್ನು ತಿರುಗಿ ನೋಡಿದರು. ಸುಳ್ಳು ಯಾಕೆ ಹೇಳಲಿ, ಅರ್ಧ ನಿಮಿಷ ನನಗೆ ಬಂದ ಕೆಲಸವೇ ಮರೆತುಹೋಯಿತು. ಗುಲಾಬಿ ಹಿಂದಿನಿಂದ ಅಂಗಿಯ ತುದಿ ಎಳೆದಳು.

“ನಂದ್ ಹಾಳಾಯ್ಲಿ,” ಎಂದೆ. “ಇವ್ಳ್ ಹೆಸ್ರ್ ಎಲ್ಲಿತ್ತ್? ಗುಲಾಬಿ. ಐವತ್ತಾರ್ ವರ್ಷ.”

ಅವನು ಒತ್ತಿ ನೋಡಿದ. “ಕಾಗ್ದ ಬಂದಿತ್ತ್. ಆರ್ಸಲಿಲ್ಲೆ. ಅಪಾಯ ಕಮ್ಮಿ ಅಂದೇಳಿ ಬತ್ತಾ ಇತ್ತ್.”

“ಅಪಾಯ ಕಮ್ಮಿಯಾ?”

ಇಲ್ಲಿಂದ ನನ್ನ ಭಾಷಣ ಶುರು. ಅದನ್ನು ಕೇಳಲು ಶಾಸ್ತ್ರಿ ಸರ್ಕಲಿನ ಜನ ಅಂಗಡಿ ಬಾಗಿಲು ಹಾಕಿ ಬಂದರು. ಸಾವಿರ ಮಂದಿ ಹೆಂಗಸರು ನನ್ನ ಬೆನ್ನಿಗೆ ನಿಂತರು. (ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಗಂಡಂದಿರ ಜತೆ ಬಂದವರು. ಆದರೆ ಇಬ್ಬರೂ ತಲೆ ಆಡಿಸಿದ್ದು ನಿಜ.)

“ಇವ್ಳ್ ಸ್ವಂತ ಅಕ್ಕ ಇದೇ ಕಾಯ್ಲಿಯಂಗ್ ಹೋಯ್ದ್ಳ್!” ಎಂದು ಮೇಜು ಬಡಿದೆ. “ಒಂದ್ ಬೀಡಿ ಮುಟ್ದವ್ಳಲ್ಲ. ಅವ್ಳ್ ಕೆಮ್ಮ್ವತಿಗೂ ಯಾರೂ ಕೇಂಬವ್ರಿಲ್ಲೆ, ಈಗ ಇವ್ಳನ್ನೂ ಕೇಂಬವ್ರಿಲ್ಲೆ. ಎಂತ ಮಾಡ್ಕ್ ಹೆಂಗ್ಸ್ರ್? ನಿಮ್ಮ್ ಪಟ್ಟಿಯೊಳ್ಗ್ ಬಪ್ಪುಕೆ ನಾಳೆಯಿಂದ ಬೀಡಿ ಸೇದುಕ್ ಶುರು ಮಾಡ್ಕಾ? ಒಲೆ ಮುಂದ್ ಕೂಕಂಡ್ ಜೀವ ತೇಯ್ದವ್ರಿಗ್ ಒಂದ್ ಟೋಕನ್ ಇಲ್ಲೆ, ಬೀಡಿ ಎಳ್ದ್ ಎಳ್ದ್ ಬೀದಿ ಹೊಲಸ್ ಮಾಡ್ದ ನನ್ಗ್ ಮರ್ಯಾದಿ, ಫಸ್ಟ್ ರ‍್ಯಾಂಕ್! ಈ ಕಾಗದ ಬರ್ದವ ಯಾರ್? ಅವ್ನಿಗ್ ಅಬ್ಬಿ ಇಲ್ಯಾ? ಅಕ್ಕ ತಂಗಿ ಇಲ್ಯಾ?”

“ಬರೆದವಳು ನಾನು,” ಎಂದಿತು ಒಂದು ಸ್ವರ.

ಒಳಗಿನ ಕೋಣೆಯಿಂದ ಡಾಕ್ಟರು ಬಂದಿದ್ದರು. ವಿಜೇತಾ ಎಂದು ಕೋಟಿನ ಮೇಲೆ ಹೆಸರು. ನಮ್ಮ ಮಗಳ ಪ್ರಾಯ. ನನ್ನ ಸಿಟ್ಟಿನ ಎದುರು ಬೇರೆ ಯಾರಾದರೂ ಆಗಿದ್ದರೆ ಬ್ರಹ್ಮಾವರದ ತನಕ ಓಡುತ್ತಿದ್ದರು. ಇವರು ಕೈಕಟ್ಟಿ ನಿಂತು ಪೂರ್ತಿ ಕೇಳಿದ್ದರು.

“ನಿಮ್ಮ ಸಿಟ್ಟು ನನಗೆ ಅರ್ಥ ಆಗ್ತದೆ,” ಎಂದರು. “ಅಮ್ಮನ ಕಾಗದ ತರಿಸಿ ನೋಡ್ತೇನೆ. ಸರೋಜ ಇಲ್ಲೇ ಇದ್ದಾರೆ, ಕಟ್ಟಿನಿಂದ ಹುಡುಕಿ ತರ್ಲಿ. ಅಲ್ಲಿವರೆಗೆ ನೀವು ಇದರಲ್ಲಿ ಊದಿ. ಒಳಗೆ ಹೋಗುವ ಮೊದಲು ಎಲ್ಲರೂ ಊದಬೇಕು.”

ಅಂಗೈಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದಕ್ಕೊಂದು ಕಾಗದದ ಕೊಳವೆ. ಹೊಗೆಯಲ್ಲಿರುವ ವಿಷಗಾಳಿ ನಮ್ಮ ಉಸಿರಿನಲ್ಲಿ ಎಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದಂತೆ. ನನ್ನ ಮುಂದಿನ ವೆಂಕಟರು ಊದಿದಾಗ ಹತ್ತೊಂಬತ್ತು ಬಂದಿತ್ತು.

“ಕೊನೆಯ ಬೀಡಿ ಯಾವಾಗ ಸೇದಿದ್ದು?” ಡಾಕ್ಟರು ಕೇಳಿದರು.

“ಬಸ್ಸಿಳಿದ ಕೂಡಲೆ. ನಾಲ್ಕು. ಒಟ್ಟಿಗೆ.”

ಊದಿದೆ. ನಾನು ಊದಿದ ರಭಸಕ್ಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಎರಡು ತಿಂಗಳು ಮುಂದೆ ಹೋಯಿತು. ಯತೀಶ್ ಪೆಟ್ಟಿಗೆ ನೋಡಿದ, ತಟ್ಟಿದ, ಮತ್ತೆ ನೋಡಿದ.

“ಒಂದ್,” ಎಂದ.

“ಒಂದು ಸಾವಿರವಾ?”

“ಬರೀ ಒಂದ್. ಶೆಟ್ರೆ, ನಂದೇ ಎರ್ಡ್ ಇತ್ತ್. ನಾನ್ ಸೇದುದೇ ಇಲ್ಲೆ.”

ಸಾಲಿನಲ್ಲಿ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. “ಮಿಷಿನ್ ಹಾಳಾಯ್ದ್!” ಎಂದೆ. “ಇಂಥಾ ಹಾಳ್ ಮಿಷಿನ್ ಇಟ್ಕಂಡ್ ಜನ್ರನ್ನ ಆರ್ಸುದಾ ನೀವ್? ಗುಲಾಬಿ, ಬಾ ಇಲ್ಲಿ. ನೀ ಊದ್. ಹುಟ್ಟಿದ್ ಮೇಲೆ ಬೀಡಿ ಮುಟ್ಟದವ್ಳ್ ಊದ್ರೆ ಎಷ್ಟ್ ತೋರ್ಸತ್ತ್ ಕಾಂಬ. ಅರ್ವತ್ತ್ ತೋರ್ಸದಿದ್ರೆ ಕೇಣಿ!”

“ನಂಗ್ ಬ್ಯಾಡ,” ಎಂದಳು.

“ಊದ್ ಅಂದ್ರೆ ಊದ್. ಮಿಷಿನಿನ್ ಬಣ್ಣ ಬಯಲಾಯ್ಲಿ!”

ಯತೀಶ್ ಕೊಳವೆ ಬದಲಿಸಿ ಕೊಟ್ಟ. ಗುಲಾಬಿ ನಾಚಿಕೊಂಡೇ ಊದಿದಳು. ಆದರೆ ಅವಳ ಉಸಿರು ನೇರ, ಉದ್ದ, ಒಂದೇ ಸಮ. ಹೀಗೆ ಊದುವುದು ಅವಳಿಗೆ ರೂಢಿ ಇದ್ದಂತೆ ಕಂಡಿತು. ಅಂಕಿ ಏರಿತು. ಮೂರು, ಆರು, ಒಂಬತ್ತು. ಹನ್ನೆರಡರಲ್ಲಿ ನಿಂತಿತು.

ಯತೀಶ್ ಕೆಟ್ಟವನಲ್ಲ, ಬಾಯಿ ಸಡಿಲ, ಅಷ್ಟೆ. “ಅಮ್ಮಾ,” ಎಂದ, ನಗು ತಡೆಯುತ್ತ, “ಗುಟ್ಟಂಗೆ ನೀವ್ ಸೇದ್ತ್ರಿಯಾ ಎಂತ? ಗಂಡಂದ್ ಬೀಡಿ ಕದ್ದ್?”

ಈಗ ಇಡೀ ಸಾಲು ನಕ್ಕಿತು. ಬೆಂಚಿನ ಮೇಲಿನ ಇಬ್ಬರು ಹೆಂಗಸರೂ ಸೆರಗು ಬಾಯಿಗಿಟ್ಟರು.

ನಾನು ಗುಲಾಬಿಯ ಮುಖ ನೋಡಿದೆ. ಬೊಜ್ಜದ ದಿನ ಸೌಟು ಹಿಡಿದು ನಿಂತಿದ್ದಳಲ್ಲ, ಅದೇ ಮುಖ. ಕೊಳವೆಯನ್ನು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು, ಬಾಗಿಲ ಕಡೆಗೆ ಹೊರಟಳು.

“ಮನಿಗ್ ಹೋಪ,” ಎಂದಳು. “ಸಾಕ್ ನಂಗೆ.”

“ನಿಲ್ಲಿ ಅಮ್ಮ,” ಡಾಕ್ಟರು ಅವಳ ಕೈ ಹಿಡಿದರು. ಯತೀಶನ ಕಡೆ ಒಂದು ನೋಟ ನೋಡಿದರು. ಅವನು ಕಂಪ್ಯೂಟರಿನ ಹಿಂದೆ ಸಣ್ಣಗಾದ. ಅಷ್ಟರಲ್ಲಿ ಸರೋಜ ಕಾಗದ ಹಿಡಿದು ಬಂದಳು. ಡಾಕ್ಟರು ಅದರ ಮೇಲೆ ಕಣ್ಣು ಓಡಿಸಿದರು. ಹುಬ್ಬು ಗಂಟಾಯಿತು. ಗಟ್ಟಿಯಾಗಿ ಓದತೊಡಗಿದರು.

“ಹೆಸರು ಗುಲಾಬಿ. ಬೀಡಿ, ಸಿಗರೇಟು: ಇಲ್ಲ. ಕಟ್ಟಿಗೆ ಒಲೆಯ ಹೊಗೆ, ಎಷ್ಟು ವರ್ಷ: ಇಲ್ಲ.” ಅವರು ತಲೆ ಎತ್ತಿದರು. “ಇಲ್ಲ ಎಂದು ಬರೆದದ್ದು ಯಾಕೆ ಸರೋಜ?”

“ಶೆಟ್ರ್ ಹೇಳ್ದಾಂಗೆ ಬರ್ದೆ ಡಾಕ್ಟ್ರೆ,” ಸರೋಜ ನನ್ನ ಕಡೆ ನೋಡಿದಳು. “ಅದ್ರ್ ಕೆಳ್ಗೂ ಬರ್ದಿದೆ ಕಾಣಿ.”

“ಹದಿನೆಂಟು ವರ್ಷದಿಂದ ಗ್ಯಾಸ್, ಮೂರು ಬರ್ನರಿನದು. ನನ್ನ ಹೆಂಡತಿ ಊದುಕೊಳವೆ ಕಂಡವಳಲ್ಲ, ರಾಣಿಯ ಹಾಗೆ ಇದ್ದಾಳೆ.” ಡಾಕ್ಟರು ಮುಂದಿನ ಸಾಲಿಗೆ ಹೋದರು. “ಕುಟುಂಬದಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್: ಇಲ್ಲ. ನಮ್ಮ ಸಂಬಂಧದಲ್ಲಿ ಕಾಯಿಲೆಯಿಂದ ಸಾಯುವವರಿಲ್ಲ, ಬದುಕಿ ಬದುಕಿ ಬೇಸರ ಬಂದು ಸಾಯುವುದು.”

ಈಗ ಯಾರೂ ನಗಲಿಲ್ಲ.

“ಹ್ವಾಯ್,” ಎಂದಳು ಗುಲಾಬಿ. ಅವಳ ಸ್ವರ ಬಹಳ ಸಣ್ಣದಿತ್ತು. “ಮೋಹಿನಕ್ಕನ್ ಹೆಸ್ರೇ ಹೇಳ್ಲಿಲ್ಯಾ ನೀವ್?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ನೀವು ಮೇಜು ಬಡಿದು ಹೇಳಿದ್ದೆಲ್ಲ ಸರಿ ಉಂಟು,” ಡಾಕ್ಟರು ನನ್ನತ್ತ ತಿರುಗಿದರು. ಅವರಿಗೂ ಸಿಟ್ಟು ಬಂದಿತ್ತು. ನನ್ನದರ ಹಾಗೆ ಸದ್ದು ಮಾಡುವ ಸಿಟ್ಟಲ್ಲ. “ಸೇದದ ಹೆಂಗಸರಿಗೂ ಈ ಕಾಯಿಲೆ ಬರ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ನೋವು, ಕೆಮ್ಮು ಬಂದು ಇಲ್ಲಿಗೆ ಮುಟ್ಟುವಾಗ ತಡ ಆಗಿರ್ತದೆ. ಸಣ್ಣದಿರುವಾಗ ಸಿಕ್ಕಿದರೆ ಕೊಯ್ದು ತೆಗೆಯಬಹುದು, ಆದರೆ ಸಣ್ಣದಿರುವಾಗ ಅದು ಏನೂ ತೊಂದರೆ ಕೊಡುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು. ಅದಕ್ಕೇ ಈ ಎರಡು ಪ್ರಶ್ನೆ ಹಾಕಿದ್ದು. ಒಲೆಯ ಹೊಗೆ ಇಪ್ಪತ್ತು ವರ್ಷ ದಾಟಿದ್ದರೆ, ಇಲ್ಲವೇ ಒಡಹುಟ್ಟಿದವರಿಗೆ ಬಂದಿದ್ದರೆ, ಸೇದದಿದ್ದರೂ ನಮ್ಮ ಪಟ್ಟಿಗೆ ಬರ್ತಾರೆ. ನಾವು ಕೇಳಿದೆವು ಶೆಟ್ರೆ. ಉತ್ತರ ಕೊಟ್ಟವರು ನೀವು.”

ಪೆಟ್ಟಿಗೆಯನ್ನು ತೋರಿಸಿ ಕೇಳಿದರು. “ಈಗ ಹೇಳಿ. ಈ ಹನ್ನೆರಡು ಎಲ್ಲಿಂದ ಬಂತು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗುಲಾಬಿ ಒಬ್ಬಳು ನೆಲ ನೋಡುತ್ತಿದ್ದಳು. ನಾನು ಬಾಯಿ ತೆರೆದರೆ ನನ್ನ ಅರುವತ್ತು ಬೀಡಿ ಹೋಗುತ್ತದೆ, ರ‍್ಯಾಂಕು ಹೋಗುತ್ತದೆ, ಗೋಪಿಯ ಅಂಗಡಿಯಲ್ಲಿ ಕೂರುವ ಜಾಗ ಹೋಗುತ್ತದೆ. ತೆರೆಯದಿದ್ದರೆ ಅವಳು ಕದ್ದು ಸೇದುವವಳಾಗಿಯೇ ಬಾಗಿಲು ದಾಟುತ್ತಾಳೆ. ಸ್ಕ್ಯಾನೂ ಇಲ್ಲ.

“ನಾನ್ ಬೀಡಿ ಸೇದ್ತಿಲ್ಲೆ ಡಾಕ್ಟ್ರೆ,” ಎಂದೆ.

“ಗಟ್ಟಿ ಹೇಳಿ. ಅವರಿಗೆ ಕೇಳ್ಲಿ.”

“ಸೇದ್ತಿಲ್ಲೆ! ದಾದರಂಗೆ ಒಂದ್ ಸಲ ಅರ್ಧ ಬೀಡಿ ಎಳ್ದೆ. ಹೋಟ್ಲ್ ಧಣಿಯ ಚಪ್ಪಲಿ ಮೇಲೆ ಕಾರ್ಕಂಡೆ. ಅದೇ ಸುರು, ಅದೇ ಕಡಿ.”

“ಗ್ಯಾಸು?”

“ಇತ್ತ್. ಮೂರ್ ಬರ್ನರಲ್ಲ, ಎರ್ಡ್. ಅದಕ್ಕೊಂದ್ ಹೂವಿನ್ ಬಟ್ಟಿ ಹಾಕಿ ಮುಚ್ಚಿಟ್ಟಿತ್ತ್. ನೆಂಟ್ರ್ ಬಂದ್ರೆ ಚಾ ಮಾಡುಕೆ.”

ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲು ಬರಲಿಲ್ಲ. ನಮ್ಮ ಕಡೆಯ ಕುಚ್ಚಲಕ್ಕಿ ನಿಮಗೆ ಗೊತ್ತು. ಬೇಯಲು ಗಂಟೆಗಟ್ಟಲೆ ಬೇಕು. ಅದು ಮನೆಯ ಹಿಂದಿನ ಮಾಡಿನಡಿಯ ಒಲೆಯಲ್ಲೇ ಬೇಯುವುದು. ಸ್ನಾನದ ನೀರು ಬಚ್ಚಲೊಲೆಯಲ್ಲಿ. ಉರಿಗೆ ತೆಂಗಿನ ಮಡಲು, ಸಿಪ್ಪೆ, ಗೆರಟೆ, ಮಳೆಗಾಲದಲ್ಲಿ ಎಲ್ಲವೂ ಹಸಿ. ಸರೋಜ ಬಂದ ದಿನ ಗುಲಾಬಿ ಹಿಂದುಗಡೆ ಇದ್ದದ್ದು ಊದುಕೊಳವೆ ಹಿಡಿದುಕೊಂಡು. ಈವತ್ತು ಬೆಳಿಗ್ಗೆ ಕಣ್ಣು ಕೆಂಪಾದದ್ದೂ ಅದಕ್ಕೇ, ಪೆಟ್ಟಿಗೆಯಲ್ಲಿ ಹನ್ನೆರಡು ಬಂದದ್ದೂ ಅದಕ್ಕೇ. ಮೋಹಿನಿಯ ವಿಷಯ ಯಾಕೆ ಮುಚ್ಚಿಟ್ಟೆ ಎಂದರೆ, ಅಂಥ ಕಾಯಿಲೆ ನಮ್ಮ ಸಂಬಂಧದಲ್ಲಿ ಇದೆಯೆಂದು ಸರೋಜ ನಾಳೆ ಹತ್ತು ಮನೆಯಲ್ಲಿ ಹೇಳಿಯಾಳೆಂದು. ಅಷ್ಟೇ. ಅಷ್ಟಕ್ಕೇ.

“ಒಲೆ ಎಷ್ಟು ವರ್ಷದಿಂದ?” ಡಾಕ್ಟರು ಹೊಸ ಕಾಗದ ತೆಗೆದಿದ್ದರು.

“ಮೂವತ್ತ್ನಾಲ್ಕ್,” ಎಂದೆ.

“ಅಮ್ಮ ಹೇಳ್ಲಿ. ನೀವು ಸಾಕು.”

“ನಲವತ್ತ್ನಾಲ್ಕ್,” ಎಂದಳು ಗುಲಾಬಿ. “ಅಬ್ಬಿ ಮನಿಯಂಗೆ ಹನ್ನೆರ್ಡ್ ವರ್ಷಕ್ಕೇ ಒಲಿ ಮುಂದ್ ಕೂರ್ಸಿರ್. ನಾನೂ ಮೋಹಿನಕ್ಕನೂ ಒಟ್ಟಿಗ್ ಊದುದ್.”

“ಗ್ಯಾಸಿನಲ್ಲಿ ಅನ್ನ ಮಾಡಬಹುದಿತ್ತಲ್ಲ ಅಮ್ಮ?”

ಗುಲಾಬಿ ನನ್ನನ್ನು ನೋಡಿದಳು. ಅವಳು ಹೇಳುತ್ತಿರಲಿಲ್ಲ, ಇವತ್ತಿಗೂ ಹೇಳುತ್ತಿರಲಿಲ್ಲ. ನಾನೇ ಹೇಳಿದೆ. ಅವಳು ಯಾವತ್ತೂ ಏನೂ ಕೇಳಿದವಳಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಮೂರು ಸಲ ಕೇಳಿದ್ದಳು. ಗ್ಯಾಸಿನಲ್ಲೇ ಗಂಜಿಗಿಡಲಾ, ಕಣ್ಣುರಿ ತಡೆಯುವುದಿಲ್ಲ ಎಂದು. ಗ್ಯಾಸಿನ ಅನ್ನ ಉಂಡರೆ ನನಗೆ ಹೊಟ್ಟೆ ಉಬ್ಬುತ್ತದೆ, ಒಲೆಯ ಅನ್ನದ ರುಚಿಯೇ ಬೇರೆ ಎಂದೆ. ಮೂರನೆಯ ಸಲ ಬಟ್ಟಲು ದೂಡಿ ಎದ್ದೆ. ಆಮೇಲೆ ಅವಳು ಕೇಳಲಿಲ್ಲ.

ವೆಂಕಟರು ಸಾಲಿನಿಂದ ನನ್ನನ್ನು ನೋಡಿದ ನೋಟವಿದೆಯಲ್ಲ! ನಲವತ್ತು ವರ್ಷ ಸೇದಿದ ಮನುಷ್ಯ. “ನಾನ್ ಸೇದುದಾರೂ ಅಂಗ್ಳದ ಕಡಿಗ್ ಹೋಯಿ ಮಾರಾಯ್ರೆ,” ಎಂದರು.

ಡಾಕ್ಟರು ಸರೋಜಳಿಗೆ ಹೇಳಿದರು, ಇನ್ನು ಮೇಲೆ ಹೆಂಗಸರ ಕಾಗದವನ್ನು ಹೆಂಗಸರ ಎದುರೇ ಕೂತು ತುಂಬಬೇಕು, ಗಂಡ ಜಗಲಿಯಲ್ಲಿರಲಿ. ನಾವುಂದದ ಕಾಗದಗಳನ್ನೆಲ್ಲ ಮತ್ತೊಮ್ಮೆ ತುಂಬಿ ತನ್ನಿ. ಸರೋಜ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವಳಿಗೆ ನೂರಾಹತ್ತು ಮನೆ.

ನನಗೆ ಕೊಡಬೇಕಿದ್ದ ಟೋಕನನ್ನು ಯತೀಶ್ ಗುಲಾಬಿಯ ಹೆಸರಿಗೆ ಬರೆದ. ಬರೆಯುವಾಗ “ತಪ್ಪಾಯ್ತ್ ಅಮ್ಮ,” ಎಂದ. ಅವಳು ತಲೆ ಆಡಿಸಿದಳು. ಒಳಗೆ ಹೋಗುವ ಮೊದಲು ಲೋಹದ್ದೆಲ್ಲ ತೆಗೆಯಬೇಕೆಂದರು. ಕರಿಮಣಿ ಸರ, ಬಳೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಬಾಗಿಲು ಹಾಕಿಕೊಂಡಿತು. ಬೆಂಚಿನಲ್ಲಿ ಕೂತು ಕರಿಮಣಿಯನ್ನು ಮೂಗಿನ ಹತ್ತಿರ ತಂದೆ. ಹೊಗೆಯ ವಾಸನೆ. ಮೂವತ್ತನಾಲ್ಕು ವರ್ಷ ಅದು ನನ್ನ ಮನೆಯ ವಾಸನೆ ಎಂದುಕೊಂಡಿದ್ದೆ.

ಯಂತ್ರ ಕೆಮ್ಮಿತಾ ಎಂದು ನೀವು ಕೇಳಬಹುದು. ಇಲ್ಲ. ಅದು ಹೇಗಿದೆ ಎಂದು ಕೂಡ ನಾನು ಕಂಡಿಲ್ಲ.

ಹತ್ತು ದಿನ ಬಿಟ್ಟು ವರದಿ ಬಂತು. ಎಡದ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚುಕ್ಕೆ. ಏನೂ ಅಲ್ಲದೆಯೂ ಇರಬಹುದು, ಅದೇ ಆಗಿರಲೂಬಹುದು. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ, ಬೆಳೆದಿದ್ದರೆ ಕೊಯ್ದು ತೆಗೆಯುತ್ತೇವೆ, ಅದೇ ಆಗಿದ್ದರೂ ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಸ್ಕ್ಯಾನ್ ಮುಗಿಸಿ ಮನೆಗೆ ಬಂದ ದಿನವೇ ಹೂವಿನ ಬಟ್ಟೆ ತೆಗೆದು ಗ್ಯಾಸಿನ ಮೇಲೆ ಗಂಜಿಗಿಟ್ಟದ್ದು ನಾನು. ಹೊಟ್ಟೆ ಉಬ್ಬಲಿಲ್ಲ. ರುಚಿಯಲ್ಲೂ ಏನೂ ವ್ಯತ್ಯಾಸ ಇರಲಿಲ್ಲ.

ಮೊನ್ನೆ ಗೋಪಿ ಚಾ ಇಡುತ್ತ ಕೇಳಿದ, “ಗುಲಾಬಕ್ಕಂದ್ ಎಂತ ಹೇಳಿರ್ ಶೆಟ್ರೆ?”

“ಎಂತದೂ ಇಲ್ಲೆ ಮಾರಾಯ. ಒಂದ್ ಚುಕ್ಕಿ. ಸಾಸ್ಮಿ ಕಾಳಿಗಿಂತ ಸಣ್ಣದ್. ದುರ್ಬೀನ್ ಹಾಕಿರೂ ಡಾಕ್ಟ್ರಿಗ್ ಸಮಾ ಕಾಂತಿಲ್ಲೆ.”

ಬಸ್ಸಿಗೆಂದು ಬಂದ ಗುಲಾಬಿ ಹಿಂದೆಯೇ ನಿಂತಿದ್ದಳು. ನನಗೆ ಗೊತ್ತಿರಲಿಲ್ಲ.

“ಸಾಸ್ಮಿ ಅಲ್ಲ ಗೋಪಿ,” ಎಂದಳು. “ಕಡ್ಲಿ ಕಾಳಿನಷ್ಟ್ ಇತ್ತ್. ಎಂಟ್ ಮಿಲ್ಲಿಮೀಟರ್.” ಮತ್ತೆ ನನಗೆ, “ಒಂದ್ ಸಲ ಇದ್ದದ್ದ್ ಇದ್ದಾಂಗ್ ಹೇಳಿ ಕಾಂಬ.”

ಹೌದು, ಎಂಟು. ನಾನೇ ವರದಿಯನ್ನು ಹತ್ತು ಸಲ ಓದಿದ್ದೇನೆ. ಇಷ್ಟು ವರ್ಷ ಎಲ್ಲವನ್ನೂ ದೊಡ್ಡದು ಮಾಡಿ ಹೇಳಿದವನಿಗೆ ಇದೊಂದನ್ನು ಸಣ್ಣದು ಮಾಡಿ ಹೇಳಬೇಕೆಂದು ಆಸೆಯಾಗಿತ್ತು. ಎಂಟು ಮಿಲ್ಲಿಮೀಟರ್, ಎಡ ಬದಿ, ಮೇಲ್ಗಡೆ. ಮತ್ತು ನನಗೆ ಹೆದರಿಕೆಯಾಗಿದೆ.